ಬೆಳಗ್ಗೆ ಸ್ಪ್ಯಾನಿಷ್ ಕ್ಲಾಸು, ಮಧ್ಯಾಹ್ನ ಆಸ್ಪತ್ರೆ: ಆಂಟಿಗುವಾಗೆ ಹೋಗೋರಿಗೆ

ಸ್ಪ್ಯಾನಿಷ್ ಕಲೀಬೇಕು, ಜೊತೆಗೆ ಆಸ್ಪತ್ರೇಲಿ ಒಂಚೂರು ಸೇವೆನೂ ಮಾಡ್ಬೇಕು ಅನ್ನೋರಿಗೆ ನಾನು ಹೇಳೋ ಊರು ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಆಂಟಿಗುವಾ. ಸ್ಪೇನ್‌ಗಿಂತ ಖರ್ಚು ಎಷ್ಟೋ ಕಮ್ಮಿ, ಜನ ನಿಧಾನಕ್ಕೆ ಬಿಡಿಸಿ ಬಿಡಿಸಿ ಮಾತಾಡ್ತಾರೆ, ಕ್ಲಾಸ್ ಅಂದ್ರೆ ಒಬ್ರು ಟೀಚರ್ ಎದುರು ನೀವೊಬ್ರೇ, ದಿನಕ್ಕೆ 4 ಗಂಟೆ, ಹಿಂದಿನ ಬೆಂಚೇ ಇರಲ್ಲ.

ಡಾಕ್ಟ್ರೋ ನರ್ಸೋ ಅಲ್ದೇ ಇದ್ರೆ ಇಂಜೆಕ್ಷನ್ ಕೊಡ್ತೀನಿ, ಹೊಲಿಗೆ ಹಾಕ್ತೀನಿ ಅಂತ ಹೋಗ್ಬೇಡಿ. ನಮ್ಮೂರಲ್ಲಿ ಮಾಡೋಕೆ ಬಿಡದ ಕೆಲ್ಸನ ಅಲ್ಲಿಯ ಬಡವ್ರ ಮೈಮೇಲೆ ಕಲಿಯೋದು ಸರಿಯಲ್ಲ, ದುಡ್ಡು ಇಸ್ಕೊಂಡು ಅದನ್ನೇ ಮಾಡಿಸ್ತೀವಿ ಅನ್ನೋ ಏಜೆನ್ಸಿ ಸಿಕ್ರೆ ದೂರ ಇರಿ. ಊಟ ಮಾಡ್ಸೋದು, ವೀಲ್‌ಚೇರ್ ತಳ್ಳೋದು, ಮಕ್ಕಳ ಜೊತೆ ಆಡೋದು, ನಮಗೆ ಇರೋ ಕೆಲ್ಸ ಇದು. ಭಾಷೆ ಬರೋದೂ ಇದ್ರಲ್ಲೇ.

ಊರ ಮಧ್ಯದಲ್ಲೇ ಎರ್ಮಾನೋ ಪೆದ್ರೋ ಹೆಸ್ರಿನ ಚಾರಿಟಿ ಆಸ್ಪತ್ರೆ ಇದೆ. ಪೆದ್ರೋ 17ನೇ ಶತಮಾನದಲ್ಲಿ ಇದೇ ಊರಲ್ಲಿ ರೋಗಿಗಳನ್ನ ನೋಡ್ಕೊಂಡಿದ್ದವರು, 2002ರಲ್ಲಿ ಪೋಪ್ ಅವ್ರನ್ನ ಸಂತ ಅಂತ ಘೋಷಿಸಿದ್ರು. ಅಂಗವೈಕಲ್ಯ ಇರೋ ಮಕ್ಕಳು, ವಯಸ್ಸಾದೋರು ಅಲ್ಲೇ ಉಳ್ಕೊಂಡಿರ್ತಾರೆ, ವಾಲಂಟಿಯರ್‌ಗಳನ್ನೂ ತಗೋತಾರೆ. ಹೋಗೋ ಮುಂಚೆನೇ ಬರೆದು ಕೇಳಿ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟು ಮಾಡಿಸಿಟ್ಕೊಂಡಿರಿ, ಹೆಪಟೈಟಿಸ್ ಬಿ, ಟೈಫಾಯ್ಡ್ ಲಸಿಕೆ ಬಗ್ಗೆ ನಿಮ್ಮ ಡಾಕ್ಟ್ರ ಹತ್ರ ಮಾತಾಡಿ. ವೀಸಾ ವಿಷ್ಯ ದೆಹಲೀಲಿರೋ ಗ್ವಾಟೆಮಾಲಾ ರಾಯಭಾರ ಕಚೇರೀಲೇ ಕೇಳಿ, ಸ್ನೇಹಿತ್ರನ್ನ ನಂಬ್ಕೋಬೇಡಿ.

ಮೊದಲ ಎರಡು ವಾರ ಬರೀ ಕ್ಲಾಸು, ಆಮೇಲೆ ಆಸ್ಪತ್ರೆ. ಕನ್ನಡದೋರಿಗೆ ಒಂದು ಲಾಭ ಇದೆ ಕಣ್ರೀ. 'ನನಗೆ ತಲೆ ನೋಯ್ತಿದೆ' ಅನ್ನೋ ಹಾಗೇನೇ 'ಮೆ ದುವೆಲೆ ಲಾ ಕಬೇಸಾ', ಇಷ್ಟ ಅನ್ನೋದಕ್ಕೂ 'ಮೆ ಗುಸ್ತಾ', ಎರಡ್ರಲ್ಲೂ 'ಮೆ' ಅಂದ್ರೆ ನಮ್ಮ 'ನನಗೆ'. ಇಂಗ್ಲಿಷಲ್ಲಿ ಯೋಚ್ನೆ ಮಾಡಿದ್ರೆ ಎಡವ್ತೀರ. ತ, ದ ನಮ್ಮ ತ, ದ ಥರಾನೇ ಅಂದ್ರೆ ನಡಿಯತ್ತೆ. ರೋಗಿಗಳಿಗೆ ಯಾವಾಗ್ಲೂ 'ಉಸ್ತೆದ್', ಅಂದ್ರೆ ನೀವು. ಗೆಳೆಯರ ಮಧ್ಯೆ ಅಲ್ಲಿ 'ವೊಸ್' ಅಂತಾರೆ, ಅದನ್ನ ಅಜ್ಜಿಗೆ ಹೇಳ್ಬೇಡಿ. ಯಾರಾದ್ರೂ 'ಫಿಹೆಸೆ ಕೆ' ಅಂತ ಶುರು ಮಾಡಿದ್ರೆ ನಮ್ಮ 'ಏನಾಯ್ತಪ್ಪಾ ಅಂದ್ರೆ' ಇದ್ದಂಗೆ, ಕೆಲ್ಸ ಆಗಿಲ್ಲ ಅಂತ ತಿಳ್ಕೊಳಿ.

ನಾನು ಒಂದಿನ ಒಬ್ಬ ಅಜ್ಜಿಗೆ ಆತೋಲ್ ಕುಡಿಸ್ತಿದ್ದೆ, ಮೆಕ್ಕೆಜೋಳದ ಗಂಜಿ ಥರ ಇರತ್ತೆ, ಪ್ರತಿ ಚಮಚಕ್ಕೂ 'ಕಿಯೆರೆ ಮಾಸ್?', ಇನ್ನೂ ಬೇಕಾ ಅಂತ ಕೇಳ್ತಿದ್ದೆ, ಆಯಮ್ಮ ಸುಮ್ನೆ ನನ್ನ ಮುಖ ನೋಡೋರು, ನನ್ನ ಉಚ್ಚಾರಣೆನೇ ಕೆಟ್ಟದು ಅಂತ ಇನ್ನೂ ಜೋರಾಗಿ ಕೂಗಿದೆ. ಆಮೇಲೆ ನರ್ಸ್ ನಗ್ತಾ ಹೇಳಿದ್ರು, ಅಜ್ಜಿಗೆ ಬರೋದು ಕಕ್ಚಿಕೆಲ್, ಸ್ಪ್ಯಾನಿಷ್ ನಿನಗಿಂತ ಕಮ್ಮಿ ಅಂತ. ಕಕ್ಚಿಕೆಲ್ ಅಂದ್ರೆ ಅಲ್ಲಿಯ ಮೂಲನಿವಾಸಿಗಳಾದ ಮಾಯಾ ಜನರ ಒಂದು ಭಾಷೆ, ಆ ದೇಶದಲ್ಲಿ ಅಂಥ ಮಾಯಾ ಭಾಷೆಗಳೇ 22 ಇವೆ. ಅದಕ್ಕೆ ಆ ಕಡೆಯ 'ಮತ್ಯೋಶ್', ಥ್ಯಾಂಕ್ಸ್ ಅಂತ, ಅದೊಂದಾದ್ರೂ ಕಲ್ತಿರಿ.

ಉಳಿಯೋಕೆ ಸ್ಕೂಲಿನೋರೇ ಒಂದು ಮನೆ ನೋಡಿಕೊಡ್ತಾರೆ, ಊಟನೂ ಅಲ್ಲೇ. ವೆಜ್ ಆಗಿದ್ರೆ 'ಸಿನ್ ಕಾರ್ನೆ', ಮಾಂಸ ಇಲ್ದೇ ಅಂತ, ಅಷ್ಟೇ ಅಂದ್ರೆ ತಟ್ಟೇಲಿ ಕೋಳಿ ಬರ್ಬೋದು, ಕಾಳಿನ ಪಲ್ಯಕ್ಕೆ ಹಂದಿ ಕೊಬ್ಬೂ ಬೀಳ್ಬೋದು, 'ನಿ ಪೋಯೋ, ನಿ ಮಾಂತೆಕಾ', ಕೋಳಿನೂ ಬೇಡ, ಕೊಬ್ಬೂ ಬೇಡ ಅಂತ ಮೊದಲ ದಿನಾನೇ ಸೇರಿಸಿ ಹೇಳಿ. ಭಾನುವಾರ ಸಾಮಾನ್ಯವಾಗಿ ಅಡುಗೆ ಕೊಡಲ್ಲ, ಮಾರ್ಕೆಟ್ಟಲ್ಲಿ ಬೆಣ್ಣೆಹಣ್ಣು, ಬಿಸಿ ತೋರ್ತಿಯಾ, ಅಂದ್ರೆ ಮೆಕ್ಕೆಜೋಳದ ರೊಟ್ಟಿ, ಸಿಗತ್ತೆ, ಚಟ್ನಿಪುಡಿ ಮನೆಯಿಂದ ತಗೊಂಡೋಗಿ.