ನೈಟ್ ಡ್ಯೂಟಿಯಲ್ಲಿ ಹೊಟ್ಟೆ ನೋಡಿಕೊಳ್ಳುವುದು ಹೇಗೆ?

ಶುಗರ್ ಪೇಷೆಂಟಿಗೆ ಏನು ತಿನ್ನಬಾರದು ಅಂತ ಹೇಳಿ ಬಂದು, ಡಿಸ್ಚಾರ್ಜ್ ಆದವರು ಕೊಟ್ಟುಹೋದ ಮೈಸೂರುಪಾಕಿಗೆ ಕೈ ಹಾಕುವವರು ನರ್ಸುಗಳಾದ ನಾವೇ ಅಲ್ವಾ? ಗೊತ್ತಿಲ್ಲದೆ ಅಲ್ಲ, ಮನಸ್ಸು ಗಟ್ಟಿ ಇಲ್ಲ ಅಂತಲೂ ಅಲ್ಲ. ರಾತ್ರಿ ಎರಡು ಗಂಟೆಗೆ ಕ್ಯಾಂಟೀನ್ ಮುಚ್ಚಿರುತ್ತದೆ, ಕೈಗೆ ಸಿಗುವುದು ಅದೇ.

ಹಾಗಾಗಿ ಮೊದಲು ರೋಸ್ಟರ್ ನೋಡಿ. ನೈಟ್ ಇರುವ ದಿನ ಮುದ್ದೆ-ಸಾರೋ ಚಪಾತಿ-ಪಲ್ಯವೋ, ಹೊಟ್ಟೆ ತುಂಬ ಊಟ ಮನೆಯಲ್ಲೇ ಮುಗಿಸಿ ಹೊರಡಿ. ರಾತ್ರಿ ಹೊತ್ತು ಇನ್ಸುಲಿನ್ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ, ಮಧ್ಯಾಹ್ನ ತಿಂದ ಅನ್ನವನ್ನೇ ನಡುರಾತ್ರಿ ತಿಂದರೆ ಸಕ್ಕರೆ ಜಾಸ್ತಿ ಏರುತ್ತದೆ.

ಡಬ್ಬಿಗೆ ಬಿಸಿ ಮಾಡದೆ ಐದು ನಿಮಿಷದಲ್ಲಿ ತಿಂದು ಮುಗಿಸುವಂಥದ್ದು ಹಾಕಿ: ಹೆಸರುಕಾಳು ಉಸಲಿ, ಬೇಯಿಸಿದ ಮೊಟ್ಟೆ, ಹುರಿಗಡಲೆ. ಅನ್ನ-ಸಾಂಬಾರ್ ತಂದರೆ, ಬಿಸಿ ಮಾಡಲು ಹೋದಾಗಲೇ ಯಾರದೋ ಡ್ರಿಪ್ ಮುಗಿದಿರುತ್ತದೆ. ಹ್ಯಾಂಡೋವರ್ ಆಗಿ ಹಿಂದಿನ ಪಾಳಿಯವರಿಂದ ವಾರ್ಡ್ ವಹಿಸಿಕೊಂಡ ಕೂಡಲೇ ಜೊತೆಯವರಿಗೆ "ನಾನು ಹನ್ನೆರಡಕ್ಕೆ, ನೀವು ಹನ್ನೆರಡೂವರೆಗೆ" ಅಂತ ಹೇಳಿಬಿಡಿ. ಹೇಳದಿದ್ದರೆ ಇಬ್ಬರೂ ಉಪವಾಸ. ಇಡೀ ವಾರ್ಡಿಗೆ ಒಬ್ಬರೇ ಇದ್ದರೆ ಯಾವ ಡಬ್ಬಿಯೂ ಉಪಯೋಗಕ್ಕೆ ಬರುವುದಿಲ್ಲ. ಆಗ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಊಟದ ಹೊತ್ತಿಗೆ ನಮ್ಮ ಜಾಗದಲ್ಲಿ ನಿಲ್ಲಲು ಒಬ್ಬ ರಿಲೀವರ್ ಕೇಳಬೇಕು, ಅದರಲ್ಲಿ ಸಂಕೋಚ ಬೇಡ. ಸ್ವೀಟ್ ಬಾಕ್ಸನ್ನು ಮೇಜಿನ ಮೇಲೆ ಬಿಡದೆ ಡ್ಯೂಟಿ ರೂಮಿನ ಕಪಾಟಿಗೆ ಸೇರಿಸಿ, ಅರ್ಧ ಆಸೆ ಅಲ್ಲೇ ಹೋಗುತ್ತದೆ.

ಟೀ ಕುಡಿಯಿರಿ, ಆದರೆ ಎರಡು ಗಂಟೆಯ ಮೇಲೆ ಬೇಡ. ಐದು ಗಂಟೆ ಕಳೆದರೂ ಟೀಯಲ್ಲಿದ್ದ ಕೆಫೀನಿನಲ್ಲಿ ಸುಮಾರು ಅರ್ಧದಷ್ಟು ಮೈಯಲ್ಲೇ ಇರುತ್ತದೆ, ಬೆಳಿಗ್ಗೆ ಮನೆಗೆ ಹೋದರೆ ನಿದ್ದೆ ಹತ್ತುವುದಿಲ್ಲ. ಟಾಯ್ಲೆಟ್‌ಗೆ ಹೋಗಲು ಪುರುಸೊತ್ತಿಲ್ಲ ಅಂತ ನೀರು ಕುಡಿಯುವುದನ್ನೇ ಬಿಡುವವರೂ ಇದ್ದಾರೆ, ಉರಿಮೂತ್ರ ಬಂದಾಗಲೇ ಬುದ್ಧಿ ಬರುವುದು.

ಇನ್ನು ವ್ಯಾಯಾಮ. "ವಾರ್ಡಲ್ಲಿ ಓಡಾಡ್ತೀವಲ್ಲ, ಸಾಕು" ಅನ್ನುತ್ತೇವೆ. ಕಾಲು ನೋಯುತ್ತದೆ ನಿಜ, ಆದರೆ ನಾಲ್ಕು ಹೆಜ್ಜೆ ನಡೆದು ನಿಲ್ಲುವುದರಲ್ಲಿ ಉಸಿರು ಏರುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥದ್ದು. 2020ರ ಮಾರ್ಗಸೂಚಿಯಲ್ಲಿ, ಒಂದೊಂದು ಸಲಕ್ಕೆ ಹತ್ತು ನಿಮಿಷವಾದರೂ ಆಗಬೇಕು ಅನ್ನುವ ಹಳೇ ಷರತ್ತನ್ನೂ ತೆಗೆದಿದ್ದಾರೆ. ಅಂದರೆ ಲ್ಯಾಬಿಗೆ, ಫಾರ್ಮಸಿಗೆ ಹೋಗುವಾಗ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದ್ದೂ ಲೆಕ್ಕಕ್ಕೆ ಬರುತ್ತದೆ. ನೈಟ್ ಮುಗಿಸಿ ನೇರ ಜಿಮ್ಮಿಗೆ ಮಾತ್ರ ಹೋಗಬೇಡಿ. ಮೊದಲು ನಿದ್ದೆ ಮಾಡಿ, ಸಂಜೆ ಎದ್ದ ಮೇಲೆ ಇಪ್ಪತ್ತು ನಿಮಿಷ ಬಿರುಸಾಗಿ ನಡೆದು ಬನ್ನಿ.