ಚಿತ್ರ ಅದೇ, ಕಾಣುವುದು ಬೇರೆ: ಒಂದು ರಟ್ಟಿನಿಂದ ಅರಿವನ್ನು ಅಳೆದ ಬಗೆ

ಪ್ರಜ್ಞೆ ಎಂದರೇನು ಎಂಬ ಚರ್ಚೆ ಶುರುವಾದರೆ ಮುಗಿಯುವುದಿಲ್ಲ. ಅಳತೆಗೆ ಸಿಗುವ ಒಂದು ತುದಿ ಹಿಡಿದುಕೊಂಡರೆ ಮಾತ್ರ ಕೆಲಸ ಮುಂದಕ್ಕೆ ಹೋಗುತ್ತದೆ. ನಾನು ಹಿಡಿದದ್ದು ಎರಡು ಕಣ್ಣುಗಳ ಪೈಪೋಟಿಯನ್ನು. ಎಡಗಣ್ಣಿಗೆ ಒಂದು ಚಿತ್ರ, ಬಲಗಣ್ಣಿಗೆ ಅದಕ್ಕೆ ಹೊಂದದ ಇನ್ನೊಂದು ಚಿತ್ರ ತೋರಿಸಿದರೆ ಎರಡೂ ಕಲೆತು ನಿಲ್ಲುವುದಿಲ್ಲ. ಸ್ವಲ್ಪ ಹೊತ್ತು ಇದು, ಸ್ವಲ್ಪ ಹೊತ್ತು ಅದು. ಕಣ್ಣೊಳಗೆ ಬೀಳುವ ಬೆಳಕು ಹಾಗೇ ಇರುತ್ತದೆ, ಕಾಣುವುದು ಮಾತ್ರ ಮಗುಚುತ್ತದೆ. ಸ್ಟೀರಿಯೋಸ್ಕೋಪ್ (ಕನ್ನಡಿಗಳ ಮೂಲಕ ಎರಡು ಕಣ್ಣಿಗೆ ಬೇರೆ ಬೇರೆ ಚಿತ್ರ ತೋರಿಸುವ ಸಾಧನ) ಬಗ್ಗೆ 1838ರಲ್ಲಿ ಬರೆದ ಇಂಗ್ಲಿಷ್ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟೋನ್ ಒಂದು ಕಣ್ಣಿಗೆ ಎಸ್, ಇನ್ನೊಂದಕ್ಕೆ ಎ ಅಕ್ಷರ ತೋರಿಸಿ ಇದನ್ನೇ ಗಮನಿಸಿದ್ದ.

ಕನ್ನಡಿ ಬೇಡ, 30 ಸೆಂ.ಮೀ. ಉದ್ದದ ಕಪ್ಪು ರಟ್ಟು ಸಾಕು. ಬಿಳಿ ಹಾಳೆಯ ಮೇಲೆ 1 ಸೆಂ.ಮೀ. ಅಗಲದ ಎರಡು ವೃತ್ತಗಳನ್ನು ಮುದ್ರಿಸಿ. ಒಂದರಲ್ಲಿ ಬಲಕ್ಕೆ ಓರೆಯಾದ ಕಪ್ಪು-ಬಿಳಿ ಪಟ್ಟೆ, ಇನ್ನೊಂದರಲ್ಲಿ ಎಡಕ್ಕೆ ಓರೆ. ಪ್ರತಿ ಪಟ್ಟೆ ಸುಮಾರು 0.8 ಮಿ.ಮೀ. ಪ್ರತಿ ವೃತ್ತದ ನಡುಮಧ್ಯೆ ಒಂದು ಚುಕ್ಕೆ, ವೃತ್ತದ ಸುತ್ತ 2 ಸೆಂ.ಮೀ. ಚೌಕದ ದಪ್ಪ ಅಂಚು. ಅಂಚು ಅಲಂಕಾರಕ್ಕಲ್ಲ: ಎರಡೂ ಕಣ್ಣಿಗೆ ಒಂದೇ ಥರ ಕಾಣುವ ದೊಡ್ಡ ವಸ್ತು ಅದೊಂದೇ ಆದ್ದರಿಂದ ಕಣ್ಣುಗಳು ಅದನ್ನೇ ಹಿಡಿದು ಜೋಡಿಯಾಗಿ ನಿಲ್ಲುತ್ತವೆ. ಅಂಚಿಲ್ಲದೆ ಮಾಡಿದರೆ ಎರಡು ವೃತ್ತಗಳು ಅಕ್ಕಪಕ್ಕ ತೇಲಾಡುತ್ತವೆ, ಪೈಪೋಟಿ ಹುಟ್ಟುವುದೇ ಇಲ್ಲ.

ವೃತ್ತಗಳ ನಡುಬಿಂದುಗಳ ಅಂತರ ನಿಮ್ಮ ಕಣ್ಣುಪಾಪೆಗಳ ಅಂತರಕ್ಕಿಂತ 2-3 ಮಿ.ಮೀ. ಕಡಿಮೆ ಇರಲಿ. ವಯಸ್ಕರಲ್ಲಿ ಅದು 6 ಸೆಂ.ಮೀ. ಆಸುಪಾಸು, ಕನ್ನಡಿ ಮುಂದೆ ಸ್ಕೇಲ್ ಹಿಡಿದು ಅಳೆಯಬಹುದು. ಅಂತರ ಹೆಚ್ಚಾದರೆ ಕಣ್ಣುಗಳು ಹೊರಮುಖವಾಗಿ ತಿರುಗಬೇಕಾಗುತ್ತದೆ, ಅದು ಅವಕ್ಕೆ ಒಗ್ಗದ ಕೆಲಸ. ರಟ್ಟಿನ ಒಂದು ತುದಿ ಹಾಳೆಯ ನಡುವಿಗೆ, ಇನ್ನೊಂದು ಮೂಗಿಗೆ. ದೂರದ ಗೋಡೆಯನ್ನು ನೋಡುವಂತೆ ಕಣ್ಣು ಸಡಿಲಬಿಟ್ಟರೆ ಚೌಕಗಳು ಸರಿದು ಒಂದಾಗುತ್ತವೆ. ಆಗದಿದ್ದರೆ +3ರ ಓದುವ ಕನ್ನಡಕ ಹಾಕಿ. ಸುಮಾರು 33 ಸೆಂ.ಮೀ. ದೂರದ ಹಾಳೆ ಕಣ್ಣಿಗೆ ಶ್ರಮವಿಲ್ಲದೆ ಸ್ಪಷ್ಟವಾಗುತ್ತದೆ. ಮೆಳ್ಳೆಗಣ್ಣು ಇರುವವರಲ್ಲಿ, ಒಂದು ಕಣ್ಣು ಮೊದಲಿನಿಂದಲೂ ಮಂದವಾಗಿರುವವರಲ್ಲಿ ಇದು ಸಾಮಾನ್ಯವಾಗಿ ಸರಿಯಾಗಿ ನಡೆಯುವುದಿಲ್ಲ.

ಜೋಡಣೆ ಸರಿಯಿದೆಯೇ ಎಂದು ತಿಳಿಯಲು ಎಡ ಚೌಕದ ಮೇಲೊಂದು, ಬಲ ಚೌಕದ ಕೆಳಗೊಂದು ಸಣ್ಣ ನಿಲುವುಗೆರೆ ಎಳೆದಿಡಿ. ಚೌಕಗಳು ಒಂದಾದಾಗ ಆ ಎರಡು ಗೆರೆ ಒಂದರ ನೇರಕ್ಕೆ ಒಂದು ನಿಲ್ಲಬೇಕು. ಅತ್ತಿತ್ತ ಜರುಗಿದ್ದರೆ ಆ ಸುತ್ತಿನ ಲೆಕ್ಕ ಬೇಡ.

ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಬೆಳಕು. ದೀಪ ಒಂದು ಪಕ್ಕದಲ್ಲಿದ್ದರೆ ರಟ್ಟಿನ ನೆರಳು ಒಂದು ವೃತ್ತದ ಮೇಲೆ ಬೀಳುತ್ತದೆ, ಬೆಳಕಿನ ಕಡೆಯದು ಸುಮ್ಮನೆ ಗೆಲ್ಲುತ್ತದೆ. ದೀಪ ತಲೆಯ ಹಿಂದೆ, ಮೇಲೆ ಇರಲಿ. ಕೆಂಪು-ಹಸಿರು ಪಟ್ಟೆ ಬಳಸಿದರೂ ಇದೇ ತೊಂದರೆ: ಬಣ್ಣದಿಂದ ಗುರುತಿಸುವುದು ಸುಲಭ, ಆದರೆ ಎರಡರ ಹೊಳಪು ಸಮವಾಗಿರುವುದಿಲ್ಲ. ವೃತ್ತ ದೊಡ್ಡದಾದರೆ ಇನ್ನೊಂದು ತಾಪತ್ರಯ, ಅರ್ಧ ಭಾಗ ಒಂದು ಚಿತ್ರ, ಉಳಿದರ್ಧ ಇನ್ನೊಂದು ಚಿತ್ರವಾಗಿ ತೇಪೆ ತೇಪೆಯಾಗಿ ಕಾಣುತ್ತದೆ.

ದಾಖಲೆಗೆ ಕಂಪ್ಯೂಟರಿನ ಎರಡು ಬಾಣದ ಕೀಲಿ. ಎಡ ಓರೆ ಕಾಣುವಷ್ಟು ಹೊತ್ತು ಎಡ ಬಾಣ ಒತ್ತಿ ಹಿಡಿಯುವುದು, ಬಲ ಓರೆಗೆ ಬಲ ಬಾಣ, ಕಲಸುಮೇಲೋಗರವಾದಾಗ ಎರಡನ್ನೂ ಬಿಡುವುದು. ಈ ಮೂರನೇ ಆಯ್ಕೆ ಕೊಡದಿದ್ದರೆ ಜನ ಆ ಹೊತ್ತನ್ನೂ ಯಾವುದೋ ಒಂದರ ಖಾತೆಗೆ ಹಾಕಿಬಿಡುತ್ತಾರೆ. 60 ಸೆಕೆಂಡಿನ ಸುತ್ತು, ಅಷ್ಟೇ ವಿರಾಮ, ಒಟ್ಟು 10 ಸುತ್ತು. ಐದು ಮುಗಿದ ಮೇಲೆ ಹಾಳೆಯನ್ನು ತಲೆಕೆಳಗಾಗಿ ತಿರುಗಿಸಿ: ಓರೆ ಹಾಗೇ ಉಳಿಯುತ್ತದೆ, ಕಣ್ಣು ಅದಲುಬದಲಾಗುತ್ತದೆ. ಇಲ್ಲದಿದ್ದರೆ ಒಂದು ಕಣ್ಣಿನ ಮೇಲುಗೈಯನ್ನು ಒಂದು ಚಿತ್ರದ ಮೇಲುಗೈ ಎಂದು ತಪ್ಪು ತಿಳಿಯುತ್ತೀರಿ. ಪ್ರತಿ ಸುತ್ತಿನ ಕೊನೆಯಲ್ಲಿ ಅರ್ಧಕ್ಕೆ ತುಂಡಾದ ಅವಧಿಯನ್ನು ಕೈಬಿಡಿ. ಬೆರಳು ತಡವಾಗುತ್ತದಲ್ಲ ಎಂಬ ಚಿಂತೆ ಬೇಡ. ತಡ ಪ್ರತಿ ಸಲ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಅವಧಿಯ ಲೆಕ್ಕದಲ್ಲಿ ವಜಾ ಆಗುತ್ತದೆ.

ಅವಧಿಗಳನ್ನು ನಕ್ಷೆ ಮಾಡಿದರೆ 2-3 ಸೆಕೆಂಡಿನ ಸುತ್ತ ಗುಡ್ಡೆ, ಬಲಕ್ಕೆ ಉದ್ದ ಬಾಲ. ಆದ್ದರಿಂದ ಸರಾಸರಿಗಿಂತ ನಡುಬೆಲೆ (ಮೀಡಿಯನ್) ನಂಬಿಕಸ್ಥ. ಒಂದು ಅವಧಿಯಿಂದ ಮುಂದಿನದನ್ನು ಊಹಿಸುವುದು ಬಹುಮಟ್ಟಿಗೆ ಆಗದ ಮಾತು. ಒಂದು ವೃತ್ತದ ಕಪ್ಪು ಪಟ್ಟೆಗಳನ್ನು ಬೂದು ಮಾಡಿ ನೋಡಿ. ಬೂದು ಚಿತ್ರ ಬೇಗ ಮಾಯವಾಗುತ್ತದೆ ಎಂದುಕೊಳ್ಳುತ್ತೇವೆ. ಮುಖ್ಯವಾಗಿ ಆಗುವುದು ಎದುರಿನ ಕಪ್ಪು ಚಿತ್ರ ಹೆಚ್ಚು ಹೊತ್ತು ನಿಲ್ಲುವುದು. 1960ರ ದಶಕದಲ್ಲಿ ಡಚ್ ಮನೋವಿಜ್ಞಾನಿ ವಿಲ್ಲೆಮ್ ಲೆವೆಲ್ಟ್ ಕಟ್ಟಿಕೊಟ್ಟ ನಿಯಮಗಳಲ್ಲಿ ನನಗೆ ಬಲು ಇಷ್ಟವಾದದ್ದು ಇದು.

ಈಗ ಮಿದುಳಿನ ಮಾತು. ನರವಿಜ್ಞಾನಿ ನಿಕೋಸ್ ಲೋಗೋಥೆಟಿಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಕೋತಿಗಳಿಗೆ ಇದೇ ಪೈಪೋಟಿ ತೋರಿಸಿ, ಕಂಡದ್ದನ್ನು ಸನ್ನೆಕೋಲು ಎಳೆದು ತಿಳಿಸಲು ಕಲಿಸಿದರು. ದೃಷ್ಟಿಯ ಮೊದಲ ಹಂತಗಳಲ್ಲಿ ಐದರಲ್ಲೊಂದು ನರಕೋಶ ಮಾತ್ರ ಕೋತಿಗೆ ಕಂಡದ್ದರ ಜೊತೆ ಏರಿಳಿಯಿತು. ಮುಂದಿನ ಹಂತವಾದ, ಮಿದುಳಿನ ಪಕ್ಕದ ಹಾಲೆಯ (ಟೆಂಪೊರಲ್ ಲೋಬ್) ಕೆಳಭಾಗಕ್ಕೆ ಬಂದರೆ ಶೇ. 90ರ ಹತ್ತಿರ. ಅರಿವು ಮೇಲಿನ ಹಂತದಲ್ಲಿ ಹುಟ್ಟುತ್ತದೆ ಎಂದು ತೀರ್ಮಾನಿಸುವ ಆಸೆಯಾಗುತ್ತದೆ. ಆದರೆ ಮನುಷ್ಯರ ಮಿದುಳಿನ ಸ್ಕ್ಯಾನುಗಳಲ್ಲಿ ಮೊದಲ ಹಂತವೂ ಮಗುಚಾಟಕ್ಕೆ ಮಿಡಿಯಿತು. ಇನ್ನೊಂದು ಪೆಟ್ಟು 2014ರಲ್ಲಿ ಸ್ಟೆಫಾನ್ ಫ್ರೆಸ್ಲೆ ತಂಡದಿಂದ: ಕೀಲಿ ಒತ್ತುವ ಕೆಲಸ ತೆಗೆದು, ಕಣ್ಣಿನ ಚಲನೆ ಮತ್ತು ಪಾಪೆಯ ಅಗಲದಿಂದಲೇ ಕಂಡದ್ದನ್ನು ಓದಿದಾಗ ಮಿದುಳಿನ ಮುಂಭಾಗದ ಚಟುವಟಿಕೆ ಬಹಳ ಇಳಿಯಿತು. ಅರಿವಿನದು ಎಂದುಕೊಂಡಿದ್ದರಲ್ಲಿ ದೊಡ್ಡ ಪಾಲು ವರದಿ ಮಾಡುವ ಕೆಲಸದ್ದಾಗಿತ್ತು.

ಕಣ್ಣಿನಿಂದ ಓದುವುದನ್ನು ಮನೆಯಲ್ಲೂ ಮಾಡಬಹುದು. ಹಾಳೆಯ ಬದಲು ಪರದೆ. ಒಂದು ಕಣ್ಣಿಗೆ ಎಡಕ್ಕೆ ಸಾಗುವ ನಿಲುವು ಪಟ್ಟೆ, ಇನ್ನೊಂದಕ್ಕೆ ಬಲಕ್ಕೆ. ನಡುವಿನ ಚುಕ್ಕೆಯನ್ನು ಕಡ್ಡಾಯವಾಗಿ ಅಳಿಸಿ, ಚುಕ್ಕೆ ನೋಡುತ್ತಿದ್ದರೆ ಕಣ್ಣು ಪಟ್ಟೆಯ ಹಿಂದೆ ಓಡುವುದಿಲ್ಲ. ವೃತ್ತ ಸ್ವಲ್ಪ ದೊಡ್ಡದು ಬೇಕು, ತೇಪೆಯ ಕಾಟ ಆಗ ಸಹಿಸಲೇಬೇಕು. ಕೆಳಗಿನಿಂದ ಫೋನಿನಲ್ಲಿ ಒಂದು ಕಣ್ಣನ್ನು ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿ. ಎರಡೂ ಒಟ್ಟಿಗೆ ಚಲಿಸುವುದರಿಂದ ಒಂದು ಸಾಕು. ಪಾಪೆ ಒಂದು ದಿಕ್ಕಿಗೆ ಮೆಲ್ಲಗೆ ಜಾರಿ, ಥಟ್ಟನೆ ಹಿಂದಕ್ಕೆ ಹಾರಿ, ಮತ್ತೆ ಜಾರುತ್ತದೆ. ಮೆಲ್ಲಗೆ ಜಾರುವ ದಿಕ್ಕೇ ಆ ಗಳಿಗೆಯಲ್ಲಿ ಕಾಣುತ್ತಿರುವ ಪಟ್ಟೆಯ ದಿಕ್ಕು.

ಕೆಲವು ಸುತ್ತುಗಳಲ್ಲಿ ಕೀಲಿಯನ್ನೂ ಒತ್ತಿಸಿ, ಎರಡು ದಾಖಲೆಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿ. ಕಣ್ಣು ತಿರುಗಿದರೂ ಬೆರಳು ಸುಮ್ಮನಿದ್ದ ಜಾಗಗಳು ಸಿಗುತ್ತವೆ. ಅವನ್ನು ದೋಷವೆಂದು ಅಳಿಸದೆ, ಸುತ್ತಿನ ಸಂಖ್ಯೆ ಮತ್ತು ಸೆಕೆಂಡಿನ ಸಮೇತ ಬೇರೆ ಹಾಳೆಯಲ್ಲಿ ಬರೆದಿಡಿ.