ಟ್ಯಾಲಿಯಲ್ಲಿ ಚಟ್ನಿ ಪುಡಿ ಫಾರ್ಮುಲಾ: 1 ಕೆಜಿಗೆ ಬೇಡ, 100 ಕೆಜಿಗೆ ಬರೆಯಿರಿ

ರಾಯಚೂರು, ಕೊಪ್ಪಳ ಕಡೆ ಶೇಂಗಾ ಚಟ್ನಿ ಪುಡಿ, ಖಾರದ ಪುಡಿ ಮಾಡಿ ಮಾರುವವರು ಗಮನಿಸಿ. ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಬಿಲ್ ಆಫ್ ಮೆಟೀರಿಯಲ್ಸ್ (ಬಿಓಎಂ, ಅಂದ್ರೆ ಯಾವ ಸಾಮಾನು ಎಷ್ಟು ಬೇಕು ಅನ್ನೋ ಫಾರ್ಮುಲಾ ಪಟ್ಟಿ) ಹಾಕುವಾಗ 'ಯೂನಿಟ್ ಆಫ್ ಮ್ಯಾನುಫ್ಯಾಕ್ಚರ್' (ಎಷ್ಟು ಪುಡಿಗೆ ಈ ಪಟ್ಟಿ) ಅಂತ ಕೇಳುತ್ತಲ್ಲ, ಅಲ್ಲಿ 1 ಕೆಜಿ ಬದಲು 100 ಕೆಜಿ ಕೊಡಿ. ಶೇಂಗಾ, ಬೆಳ್ಳುಳ್ಳಿಗೆ ಇದರಿಂದ ಏನೂ ವ್ಯತ್ಯಾಸ ಆಗಲ್ಲ. ತೊಂದರೆ ಇರೋದು ಇಂಗಿನಂಥ ಚಿಟಿಕೆ ಸಾಮಾನಿನಲ್ಲಿ. 100 ಕೆಜಿಗೆ 80 ಗ್ರಾಂ ಇಂಗು ಅಂದ್ರೆ 1 ಕೆಜಿಗೆ 0.0008 ಕೆಜಿ. ಯೂನಿಟ್‌ಗೆ ಮೂರೇ ದಶಾಂಶ ಇಟ್ಟಿದ್ದರೆ ಅದು 0.001 ಆಗಿ ಕೂರುತ್ತದೆ. 500 ಕೆಜಿ ಪುಡಿ ಮಾಡಿದಾಗ 400 ಗ್ರಾಂ ಬದಲು 500 ಗ್ರಾಂ ಖರ್ಚು ಬೀಳುತ್ತದೆ. ಡಬ್ಬಿಯಲ್ಲಿ ಇಂಗು ಇರುತ್ತದೆ, ಲೆಕ್ಕದಲ್ಲಿ ಇರಲ್ಲ. ಇಂಗಿನ ರೇಟು ಗೊತ್ತಲ್ವಾ! ಹುರಿದು ಸಿಪ್ಪೆ ತೆಗೆಯುವ ಶೇಂಗಾಕ್ಕೆ ಮಾತ್ರ ಈ ಉಪಾಯ ಸಾಲದು. ಹೊಸ ಕಾಳಲ್ಲಿ ಹಸಿ ಜಾಸ್ತಿ, ಹುರಿದಾಗ ತೂಕ ಜಾಸ್ತಿ ಇಳಿಯುತ್ತದೆ. ಹಳೇದು ಅಷ್ಟು ಇಳಿಯಲ್ಲ. ಅದಕ್ಕೇ ಪುಡಿ ಮಾಡಿದ್ದನ್ನು ಟ್ಯಾಲಿಯಲ್ಲಿ ದಾಖಲಿಸುವ ಮ್ಯಾನುಫ್ಯಾಕ್ಚರಿಂಗ್ ಜರ್ನಲ್‌ನಲ್ಲಿ ತಾನಾಗೇ ಬಂದ ಅಂಕಿಯನ್ನು ಸುಮ್ನೆ ಸೇವ್ ಮಾಡಬೇಡಿ, ಅವತ್ತು ತಕ್ಕಡಿ ತೋರಿಸಿದ್ದನ್ನು ತಿದ್ದಿ ಹಾಕಿ. ಬ್ಯಾಡಗಿ ಸಿಗದೆ ಗುಂಟೂರು ಮೆಣಸಿನಕಾಯಿ ಹಾಕಿದಿರಾ? ಖಾರ ಜಾಸ್ತಿ, ಪ್ರಮಾಣ ಕಮ್ಮಿ ಆಗುತ್ತದೆ. ಆಗ ಹಳೇ ಫಾರ್ಮುಲಾ ಮುಟ್ಟಬೇಡಿ. ಅದೇ ಐಟಂ ಕೆಳಗೆ 'ಗುಂಟೂರು' ಅಂತ ಬೇರೆ ಹೆಸರಿನ ಬಿಓಎಂ ಮಾಡಿ, ಜರ್ನಲ್ ಹಾಕುವಾಗ ಅದನ್ನು ಆರಿಸಿಕೊಳ್ಳಿ.